ಇಪ್ಪತ್ತೆಂಟನೆಯ ದಿನದ ತೂಕ

ಮುಚ್ಚಳ ಬಿಗಿ, ಸೀಲು ಬಿಗಿ,
ತಲೆಕೆಳಗು ಹಿಡಿದರೂ ಒಂದು ಹನಿ ಬೀಳದು.
ಆದರೂ ರಾಯಚೂರು ಗಂಜಿನ ಯಂಕೋಬಣ್ಣನ ಅಂಗಡಿಯಲ್ಲಿ
ಏಪ್ರಿಲ್ ಮುಗಿಯುವ ಹೊತ್ತಿಗೆ
ಹುಳದೆಣ್ಣೆಯ ಬಾಟಲಿಗಳೆಲ್ಲ
ಉಪವಾಸ ಬಿದ್ದವರ ಕೆನ್ನೆಯಂತೆ ಒಳಗೆ ಹೋಗಿ,
ಚೀಟಿಯ ಮೇಲಿನ ಹತ್ತಿಗಿಡ
ಸೊಂಟದಲ್ಲಿ ಮುರಿದು ನಿಂತಿತ್ತು.

"ಯಾರ್ ಕುಡದಾರಲೇ ಇದನ್ನ?" ಅಂದನಂತೆ.

ಯಾರೂ ಕುಡಿದಿರಲಿಲ್ಲ.
ಬಾಗಿಲ ಗೊಡವೆಗೆ ಹೋಗದೆ
ಗೋಡೆಯೊಳಗಿಂದಲೇ ನಡೆದು ಹೋಗಿತ್ತು ದ್ರಾವಕ.

ಅದನ್ನು ತಡೆಯುವುದು ನಮ್ಮ ಉದ್ಯೋಗ.
ಚಿಕ್ಕಸುಗೂರಿನ ಆಚೆ, ಶಕ್ತಿನಗರದ ಚಿಮಣಿ ಕಾಣುವ ಶೆಡ್ಡು.
ಬಾಯಿ ತೆರೆದ ಬಿಳಿ ಬಾಟಲಿಗಳನ್ನು ಪಂಜರಕ್ಕೆ ತುಂಬಿ
ಉಕ್ಕಿನ ಕೋಣೆಗೆ ತಳ್ಳುತ್ತೇವೆ.
ಮೌನೇಶ ಒಳಗಿನ ಗಾಳಿಯನ್ನೆಲ್ಲ ಹೀರಿಸುತ್ತಾನೆ,
ಆಮೇಲೆ ಬಿಡುತ್ತಾನೆ ಅದನ್ನು:
ನೈಟ್ರೋಜನ್ನಿನಲ್ಲಿ ತೆಳುಮಾಡಿದ ಫ್ಲೋರಿನ್,
ಸಾರಿಗೆ ಹಿಂಗು ಬಿದ್ದಷ್ಟು.
ಪ್ಲಾಸ್ಟಿಕ್ಕಿನ ಚರ್ಮದ ಮೇಲೆ ಕೂತ ಜಲಜನಕವನ್ನು
ರಿಸರ್ವೇಶನ್ ಚೀಟಿ ತೋರಿಸಿ ಎಬ್ಬಿಸುವವನಂತೆ
ಒಂದೊಂದಾಗಿ ಎಬ್ಬಿಸಿ
ತಾನೇ ಕೂರುತ್ತದೆ.
ಮತ್ತೆ ಏಳುವುದಿಲ್ಲ.
ಉಳಿದದ್ದನ್ನು ಸುಣ್ಣದ ನೀರಿಗೆ ತಿನ್ನಿಸಿ,
ಸಂದಿಗೆ ಹಿಡಿದ ಕಾಗದ ಕಂದಾಗದಿದ್ದರೆ ಮಾತ್ರ
ಚಿಲಕಕ್ಕೆ ಕೈ.

ಹೊರಬಂದದ್ದು ಒಳಗೆ ಹೋದ ಬಾಟಲಿಯೇ.
ಬಣ್ಣವಿಲ್ಲ, ಉಗುರಿಗೆ ಸಿಗುವ ಪೊರೆಯಿಲ್ಲ.
ಹೊಸದಾಗಿ ಸೇರಿದ ಲಾಲಬಿ ಎರಡನ್ನೂ ಬೆಳಕಿಗೆ ಹಿಡಿದು
"ಏನೂ ಆಗಿಲ್ಲಲ್ಲ ಅಕ್ಕಾ, ಸುಮ್ನೆ ಪಗಾರ ಕೊಡ್ತಾರೇನು?" ಅಂದಳು.

ಅದು ತಕ್ಕಡಿಗೆ ಗೊತ್ತು, ತಕ್ಕಡಿ ನನ್ನದು.
ಝೈಲೀನ್ ತುಂಬಿ, ಐವತ್ತು ಡಿಗ್ರಿಯ ಕಪಾಟಿನಲ್ಲಿಟ್ಟು
(ನಮ್ಮ ಮೇ ತಿಂಗಳಿಗಿಂತ ತುಸುವೇ ಜಾಸ್ತಿ)
ಇಪ್ಪತ್ತೆಂಟು ದಿನ ತೂಗಿ ಬರೆಯುತ್ತೇನೆ.
ವಹಿಯ ಎಡಕ್ಕೆ ಬರಿಯ ಬಾಟಲಿ: ವಾರಕ್ಕೆ ಐವತ್ತು ಗ್ರಾಂ ಮಾಯ.
ಬಲಕ್ಕೆ ನಮ್ಮದು: ತಿಂಗಳಿಗೆ ಎರಡು ಗ್ರಾಂ ಹೋದರೆ ಹೆಚ್ಚು.

ನಾನು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತೇನೆ.
ಊರ ಬೋರಿನ ನೀರು ಬರೆದ
ಬೆಲ್ಲದ ಬಣ್ಣದ ಗೆರೆಗಳು ಹಲ್ಲಿನ ಮೇಲೆ.
ನಮ್ಮ ಸೋದರಮಾವ ನಲವತ್ತಕ್ಕೇ ಕುತ್ತಿಗೆ ಹೊರಳದೆ
ಇಡೀ ಮೈ ತಿರುಗಿಸಿ "ಯಾರದು?" ಅನ್ನುತ್ತಾನೆ.

ಪರಿಮಳಾ ಮೇಡಂ ಹೇಳಿದರು:
"ಅದು ಬೇರೆ, ಇದು ಬೇರೆ, ಹಂಪಮ್ಮ.
ನೀರಿನಲ್ಲಿರೋದು ಉಪ್ಪು. ಇಲ್ಲಿರೋದು ಅನಿಲ."
"ಹೌದ್ರಿ. ಆದ್ರ ಮನೆತನ ಒಂದೇ ಅಲ್ರೀ?"
ಅವರು ಪೆನ್ನಿನ ಮುಚ್ಚಳ ಹಾಕಿ, ತೆಗೆದು,
"ಒಂದೇ" ಅಂದರು.

ಹೋದ ತಿಂಗಳು ಹೊರದೇಶದ ಗಿರಾಕಿಯ ಕಾಗದ ಬಂತು.
ಒಳಗಿನದು ಹೊರಗೆ ಹೋಗದಂತೆ ತಡೆದಿರಿ, ಸರಿ,
ಗೋಡೆಯೇ ಒಳಗಿನದಕ್ಕೆ
ಏನಾದರೂ ಬಿಡುತ್ತದೆಯೇ?
ಮೇಡಂ ಎರಡು ಸಲ ಓದಿದರು.
ಅದನ್ನು ತೂಗುವ ತಕ್ಕಡಿ ನಮ್ಮಲ್ಲಿಲ್ಲ.

ಇವತ್ತು ಇಪ್ಪತ್ತೆಂಟನೆಯ ದಿನ. ಬರೆದಾಯಿತು, ಸಹಿಯಾಯಿತು.
ಬ್ಯಾಗಿನಿಂದ ಬಸ್ ಟಿಕೆಟ್ಟಿನ ಮಡಿಕೆ ತೆಗೆದೆ.
ಒಳಗೆ ಮಗಳ ಹಾಲುಹಲ್ಲು, ನಿನ್ನೆ ಬಿದ್ದದ್ದು.
ಐದು ರೂಪಾಯಿಗೆ ಕೊಡ, ಘಟಕದ ನೀರು ಕುಡಿದು ಬೆಳೆದದ್ದು.
ತಟ್ಟೆಯ ಮೇಲಿಟ್ಟೆ. ಅಂಕಿ ನಡುಗುತ್ತಿತ್ತು.
ಗಾಜಿನ ಕಿಂಡಿ ಮುಚ್ಚುವುದು ಮರೆತಿದ್ದೆ.
ಮುಚ್ಚಿದೆ, ನಿಂತಿತು:
ಸೊನ್ನೆ ಬಿಂದು ಎರಡು ಏಳು.
ಗೆರೆಯಿಲ್ಲ. ಬಿಳುಪು.

ವಹಿಯಲ್ಲಿ ಅದಕ್ಕೆ ಸಾಲಿಲ್ಲ.
ಹೊರಗೆ ಲಾಲಬಿ ಕೂಗುತ್ತಿದ್ದಳು,
"ಅಕ್ಕಾ, ಬಸ್ಸು ಬಂತು."