ಸೆಕೆಂಡ್ಸ್

ಮತ್ತಿಕೆರೆಯ ಮೋಮೊ ಅಂಗಡಿಯ ಹಿಂದೆ
ಎಲೆಕೋಸಿನ ಮೂಟೆಗಳನ್ನು ದಾಟಿಸಿ
ಹಸ್ತ ಬಹದ್ದೂರ್ ತಗಡಿನ ಟ್ರಂಕು ತೆಗೆದ.
ಹಳೇ ನೇಪಾಳಿ ಪತ್ರಿಕೆಯೊಳಗೆ ಹನ್ನೊಂದು ಖುಕ್ರಿ.
"ಎಲ್ಲಾ ಸೆಕೆಂಡ್ಸ್ ಅಮ್ಮಾ, ಸ್ವಲ್ಪ ಸ್ವಲ್ಪ ತೊಂದ್ರೆ.
ಅದಕ್ಕೇ ಈ ರೇಟು."

ಸೆಕೆಂಡು ಅಂದರೆ ನನಗೆ ಬೇರೆ.
ಮೂವತ್ತೊಂದು ವರ್ಷ ಗಡಿಯಾರದ ಕಾರ್ಖಾನೆಯಲ್ಲಿ
ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು
ದಿನಕ್ಕೆ ಎಂಟು ಸೆಕೆಂಡು ಹಿಂದೆ ಬೀಳುವುದನ್ನು
ಹೊರಗೆ ಹಾಕಿದವಳು.
ಕೆಂಪು ಚುಕ್ಕೆ. ಮುಂದಿನದು. ಕೆಂಪು ಚುಕ್ಕೆ.
ನಿವೃತ್ತಿಯ ದಿನ ಶಾಲು ಹೊದಿಸಿದರು.
ಜರಿಯಲ್ಲಿ ಒಂದು ಎಳೆ ಬಿಟ್ಟಿತ್ತು,
ಯಾರಿಗೂ ಹೇಳಲಿಲ್ಲ.

ಕೈಗೆ ಕೊಡಲು ಬಂದ. ಬೇಡ, ಕೆಳಗಿಡು ಅಂದೆ.
ಕತ್ತಿ ಕೈಯಿಂದ ಕೈಗೆ ದಾಟಿದರೆ ಮಾತು ಮುರಿಯುತ್ತದೆ,
ನಮ್ಮಮ್ಮನ ಕಾಯಿದೆ.
ನಕ್ಕು, ಮೈದಾ ಮೂಟೆಯ ಮೇಲಿಟ್ಟ.

ಹಿಡಿಯ ಬುಡದಲ್ಲಿ, ಅಲಗಿಗೆ, ಇಲಿ ಕಡಿದಂತೆ ಒಂದು ಕಚ್ಚು.
"ಇಲ್ಲಿ ಮುರಿದಿದೆ, ಇನ್ನೂರು ಬಿಡು."
"ಅಯ್ಯೋ ಅದು ತೊಂದ್ರೆ ಅಲ್ಲಮ್ಮಾ, ಅದು ಇರ್ಲೇಬೇಕು!
ಹಸುವಿನ ಗೊರಸು ಅಂತಾರೆ, ಶಿವನ ತ್ರಿಶೂಲ ಅಂತಾರೆ,
ರಕ್ತ ಹಿಡಿಗೆ ಇಳೀಬಾರದು ಅಂತ ಅಂತಾರೆ.
ನಮ್ಮ ಮಾವ ಏನೂ ಅನ್ನಲ್ಲ. ಅರ ಹಿಡೀತಾರೆ, ಉಜ್ಜುತಾರೆ."
ಕಿವಿ ಬಿಸಿಯಾಯಿತು ನನಗೆ.
ಇರಲೇಬೇಕಾದ್ದಕ್ಕೆ
ಎಷ್ಟು ಸಲ ಚುಕ್ಕೆ ಇಟ್ಟಿದ್ದೆನೋ.

ನಿಜವಾದ ಕುಂದು ಅವನೇ ತೋರಿಸಿದ,
ವ್ಯಾಪಾರ ಗೊತ್ತಿಲ್ಲದವನ ಹಾಗೆ:
ಎಮ್ಮೆಕೊಂಬಿನ ಹಿಡಿಯಲ್ಲಿ ಕೂದಲೆಳೆ ಬಿರುಕು,
ಬೆನ್ನ ಮೇಲೆ ಸುತ್ತಿಗೆ ಜಾರಿದ ಗುರುತು, ಎಳ್ಳಿನಷ್ಟು.
ಮತ್ತೆ ಒರೆಯ ಹಿಂದೆ ಎರಡು ಮರಿಚೂರಿ ಇರಬೇಕಂತೆ,
ಕೊಯ್ಯುವುದೊಂದು, ಮಸೆಯುವುದೊಂದು.
ಇದರಲ್ಲಿ ಎರಡೂ ಕೊಯ್ಯುವುದೇ.
"ಪ್ಯಾಕ್ ಮಾಡೋ ದಿನ ಯಾರಿಗೋ ನಿದ್ದೆ."

ಮೊದಲು ಲಾರಿಯ ಸ್ಪ್ರಿಂಗ್ ಪಟ್ಟಿಯಾಗಿತ್ತಂತೆ ಇದು.
ಭೋಜಪುರದ ಇಳಿಜಾರಿನಲ್ಲಿ ಎಷ್ಟು ಗುಂಡಿ ಎಣಿಸಿತ್ತೋ.
ಕೆಂಪಗೆ ಕಾಯಿಸಿ, ಚಹಾದ ಕೆಟಲಿನಿಂದ
ಅಂಚಿಗಷ್ಟೇ ನೀರು ಬಿಡುತ್ತಾರಂತೆ.
ಅಂಚು ಗಡುಸು, ಬೆನ್ನು ಮೆದು.
ಇಡೀ ಗಡುಸಾದರೆ ಮೊದಲ ಏಟಿಗೇ ಎರಡು ತುಂಡು.

ನಾನು ಇಡೀ ಗಡುಸಾಗಿದ್ದೆ, ಫಿಲೋಮಿನಾ.

ತೊಂಬತ್ತೇಳರಲ್ಲಿ ನೀನು
ರೆಪ್ಪೆಗೂದಲಿಗಿಂತ ತೆಳ್ಳಗಿನ ಸ್ಪ್ರಿಂಗ್ ಕೂರಿಸುತ್ತಿದ್ದೆ.
ಒಂದು ಟ್ರೇ, ಐವತ್ತು ಗಡಿಯಾರ, ಆರು ನಿಧಾನ.
ನಿಯಮದಲ್ಲಿ ಬರೆದಿತ್ತು. ಇಡೀ ಟ್ರೇ ವಾಪಸ್ಸು ಮಾಡಿದೆ.
ನಿನ್ನ ಇನ್ಸೆಂಟಿವ್ ಹೋಯಿತು. ಆ ತಿಂಗಳೇ
ಮಗಳಿಗೆ ಬಿಳಿ ಫ್ರಾಕ್ ಹೊಲಿಸಬೇಕಿತ್ತು, ಚರ್ಚಿಗೆ.
ಮಾರನೇ ದಿನ ಕ್ಯಾಂಟೀನಿನಲ್ಲಿ ನಿನ್ನ ಡಬ್ಬಿ
ಬೇರೆ ಬೆಂಚಿನ ಮೇಲಿತ್ತು.
ನಾವು ಯಾವ ಕತ್ತಿಯನ್ನೂ
ಕೈಗೆ ಕೊಟ್ಟಿರಲಿಲ್ಲ.

ದುಡ್ಡು ಎಣಿಸಿಕೊಟ್ಟೆ. ಇನ್ನೂರರ ಮಾತೆತ್ತಲಿಲ್ಲ.
ಇನ್ನೂರ ಐವತ್ತರ ಬಸ್ಸೋ ಯಾವುದೋ, ಕಂಡಕ್ಟರು
"ಏನಜ್ಜಿ ಚೀಲದಲ್ಲಿ?" ಅಂದ. ಕುಂಬಳಕಾಯಿ ಹೆಚ್ಚೋದು ಅಂದೆ.

ಸುಳ್ಳಲ್ಲ. ಸಂಜೆ ಹೆಚ್ಚಿದೆ.
ಈಳಿಗೆಮಣೆಯಲ್ಲಿ ಅಲಗು ಕೂತಿರುತ್ತದೆ,
ಕಾಯಿ ತಾನೇ ಅದರ ಹತ್ತಿರ ಹೋಗಬೇಕು, ತಲೆ ಬಗ್ಗಿಸಿ.
ಇದು ಹಾಗಲ್ಲ, ಇದೇ ಎದ್ದು ಬರುತ್ತದೆ.
ಅಭ್ಯಾಸವಿಲ್ಲದೆ ರಟ್ಟೆ ನೋಯುತ್ತಿದೆ.
ಹೋಳುಗಳು ಒಂದರ ಹಾಗೆ ಇನ್ನೊಂದಿಲ್ಲ.
ಸಾರಿಗೆ ಅದೇನೂ ತಿಳಿಯಲಿಲ್ಲ.

ಹೆಚ್ಚಿಗೆ ಬಂದ ಮರಿಚೂರಿಯನ್ನು
ಆ ಪತ್ರಿಕೆಯಲ್ಲೇ ಸುತ್ತಿಟ್ಟಿದ್ದೇನೆ.
ಗುರುವಾರ ಲಿಂಗರಾಜಪುರಕ್ಕೆ ಹೋಗುತ್ತೇನೆ, ಮನೆ ಬದಲಿಸಿಲ್ಲದಿದ್ದರೆ.
ಕೈಗೆ ಕೊಡುವುದಿಲ್ಲ, ಮೇಜಿನ ಮೇಲಿಡುತ್ತೇನೆ.
ಫಿಲೋಮಿನಾ ಕನ್ನಡಕ ಏರಿಸುತ್ತಾಳೆ,
ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತಾಳೆ,
ಒಂದಲ್ಲ ಒಂದು ಕುಂದು ಸಿಕ್ಕೇ ಸಿಗುತ್ತದೆ ಅವಳಿಗೆ.

ಹೇಳಲಿ.