ಮೂರನೇ ಪುಟದ ಪೆನ್ಸಿಲು

ಮನಾಮದಲ್ಲಿ, ಕೋಲ್ಡ್ ಸ್ಟೋರಿನ ಮೇಲಿನ ಕೋಣೆ.
ಎರಡು ಕಪಾಟು, ಏಸಿ ತೊಟ್ಟಿಕ್ಕುವ ಬಕೆಟ್ಟು.
ಶುಕ್ರವಾರ ನಾಲ್ಕೂವರೆಗೆ ನಮ್ಮ ಪತ್ತೇದಾರರು
ಚಪ್ಪಲಿ ಬಿಟ್ಟು ಒಳಬರುತ್ತಾರೆ; ಹಿರಿಯವನಿಗೆ ಹದಿನೈದು.

ಈ ವಾರ ಎಲ್ಲರಿಗೂ ಸಿಟ್ಟು.
ಮೂರನೇ ಪುಟದಲ್ಲೇ ಯಾರೋ ಬರೆದಿಟ್ಟಿದ್ದಾರೆ:
‘ಕೊಂದವನು ಮಾಲಿ.’
ಇನ್ನು ಇನ್ನೂರು ಪುಟ ಓದುವುದು ಯಾತಕ್ಕೆ?

ಗ್ಲೆನಿಟಾ ಕನ್ನಡಕ ತೆಗೆದು
ಅಕ್ಷರವನ್ನು ಮೂಸುವಷ್ಟು ಬಗ್ಗಿದಳು.
‘ಗೀಟೆಲ್ಲ ಬಲದಿಂದ ಎಡಕ್ಕೆ. ಅರಬಿ ಬರೆದು ಪಳಗಿದ ಕೈ.’
ಲತೀಶ ಹಿಂಬದಿಯ ಚೀಟಿ ನೋಡಿದ. ಕೊನೆಯ ಮುದ್ರೆ
ಜೂನ್ ಹನ್ನೊಂದು.
ಹನ್ನೆರಡಕ್ಕೆ ಮುಬೀನಾಳ ಅಪ್ಪನ ವೀಸಾ ಮುಗಿದಿತ್ತು.

ಯಾರೂ ಮಾತಾಡಲಿಲ್ಲ. ಬಕೆಟ್ಟು ಮಾತ್ರ.

ಆದರೂ ಓದಿದರು, ಹಟಕ್ಕೆ, ಮೂರು ವಾರ.
ಮಾಲಿ, ಪಾಪ, ನೂರ ನಲವತ್ತರಲ್ಲಿ ತಾನೇ ಸತ್ತ.
ಕೊಂದವಳು ಸಂಗೀತದ ಟೀಚರು.

ಅಂದರೆ ಅವಳು ಅಲ್ಲಿಯವರೆಗೂ ಬಂದಿರಲೇ ಇಲ್ಲ.
ಒಂದು ಊಹೆ ಬಿಟ್ಟು ವಿಮಾನ ಹತ್ತಿದ್ದಳು.

ರಬ್ಬರು ನನ್ನ ಕೈಯಲ್ಲೇ ಇತ್ತು.
ಗ್ಲೆನಿಟಾ ಕಿತ್ತುಕೊಂಡು ಕಿಸೆಗೆ ಹಾಕಿ
ಕೆಳಗೆ ಬರೆದಳು:
‘ತಪ್ಪು ಮಾರಾಯ್ತಿ.
ಇನ್ನೂ ಅರವತ್ತು ಪುಟ ಇದೆ.’