ರಾಚವ್ವನ ಸಮ

ಸೋಮವಾರ, ಗುರುವಾರ, ಸಂಜಿ ಏಳಕ್ಕ
ಬನಹಟ್ಟಿ ನೇಕಾರರ ಸೊಸೈಟಿ ಗೋದಾಮಿನಾಗ
ನೂಲಿನ ಗಂಟು ಒಂದ್ ಕಡೆ ಸರಿಸಿ
ಜಮಖಾನ ಹಾಸತೀವಿ.
ಕರಡಿ ಮಜಲು ಕಲಿಸಾಕ ತಿಂಗಳಿಗೆ ಎರಡೂವರೆ ಸಾವಿರ.
ಅದಕ್ಕ ಒಪ್ಪಿಕೊಂಡೆ. ಸುಳ್ಳು ಯಾಕ ಹೇಳ್ಲಿ,
ಕರುಣಾ ಗಿರುಣಾ ಏನೂ ಇರ್ಲಿಲ್ಲ.

ಮೊದಲನೇ ದಿನ, ಅಂಗನವಾಡಿ ದನೀಲೆ,
"ಚಪ್ಪಾಳಿ ತಟ್ರಿ, ಜಾಣ್ರು!" ಅಂದೆ.
ರಾಚವ್ವಗ ನಲವತ್ತೊಂದು. ಅರ್ಧ ತಲಿ ನೆರತೈತಿ.
ಬಾಯಾಗಿನ ಮಾತು ತುಟಿ ದಾಟಾಕ ಹೊತ್ತು ಹಿಡೀತೈತಿ.
ಕಾದೆ. ಬಂತು:
"ಮಾಸ್ತರ... ನಾ... ಕೂಸಲ್ಲ."
ಕಿವಿ ಕೇಳದ ಮುರಿಗೆಪ್ಪ ಎಲ್ಲಾರಕಿಂತ ಮೊದಲ ನಕ್ಕ,
ನನ್ನ ಮಾರಿ ನೋಡಿ.

ಮುರಿಗೆಪ್ಪ ಇಪ್ಪತ್ತೆರಡು ವರ್ಷ
ಪಾವರ್‌ಲೂಮಿನ ನಡುವ ನಿಂತಾಂವ.
ಎಳಿ ಹರಿದ್ರ ಅಂಗಾಲಿಗೆ ಗೊತ್ತಾಕ್ಕೈತಂತ.
ಕರಡಿ ಕೊಟ್ಟೆ. ಹೆಗಲಿಗೆ ಹಾಕ್ಕೊಳ್ಳಲಿಲ್ಲ,
ಅವುಚಿಕೊಂಡು, ಗದ್ದ ಹಚ್ಚಿದ ಚರ್ಮಕ್ಕ.
ನಾ ಒಂದು ಪೆಟ್ಟು ಹಾಕಿದೆ,
ಅವನ ಗಂಟಲ ಮಣಿ ಮಿಸುಕಿತು.
ಮೂರು ವಾರ. ಲಯ ನನಗಿಂತ ಗಟ್ಟಿ.

ದಸ್ತಗೀರಗ ಕಣ್ಣಿಲ್ಲ. ಸನಾದಿ ಊದತಾನ,
ಊರ ಸುದ್ದೀನೂ ಊದತಾನ.
ಅವನ ಬಗ್ಗೆ ಚಿಂತಿ ಇಲ್ಲ.

ಚಿಂತಿ ಇದ್ದದ್ದು ರಾಚವ್ವಂದು.
ಒಂದು ತಾಳ ಗಾಲಿಕುರ್ಚಿ ಹಿಡಿಕಿಗೆ ಬಿಗದು
ಇನ್ನೊಂದು ಬಲಗೈಗೆ ಕೊಟ್ಟೆ.
ಆಕಿ ಮನಸ್ಸು ಹೊಡಿ ಅಂತೈತಿ,
ಕೈ, ಯಾಕ, ಅಂತ ಕೇಳತೈತಿ,
ಆಮ್ಯಾಲ ಹೊಡೀತೈತಿ.
ಎಂಟು ಮಾತ್ರೆ ತಿರುಗಿ ಸಮ ಬಂದು ಹೋಗಿರತೈತಿ,
ಬಸ್ಸು ಬಿಟ್ಟಮ್ಯಾಲ ಸ್ಟ್ಯಾಂಡಿಗೆ ಬಂದಂಗ
ಆಕಿ ತಾಳ, ಒಂದ, ಝಣ್.
ಮಣಿಕಟ್ಟು ಹಿಡದು ನಾನ ಹೊಡಿಸಾಕ ಹೋದೆ.
ಎಳಕೊಂಡ್ಳು. "ನನ್ನ ಕೈ... ನನಗಿರ್ಲಿ."
ಮನಿಗೆ ಹೋಗಿ ಊಟಕ್ಕ ಕುಂತಾಗ ಅನಸ್ತು,
ಆಕಿನ್ನ ಹಿಂದ ಕುಂಡ್ರಸಬೇಕು,
ತಾಳ ಸುಮ್ನ ಹಿಡಕೊಂಡಿರ್ಲಿ.
ಇದನ್ನ ಯಾರಿಗೂ ಹೇಳಿಲ್ಲ, ಇಲ್ಲಿ ಹೇಳಾಕತ್ತೀನಿ.

ಒಂದು ಗುರುವಾರ ನುಡಿಸಾಕ ಹತ್ತಿದಾಗ ಕರೆಂಟ್ ಹೋತು.
ಬನಹಟ್ಟಿಯೊಳಗ ಕರೆಂಟ್ ಹೋದ್ರ
ಕತ್ತಲಕಿಂತ ಮೊದಲ ಮೌನ ಬರತೈತಿ.
ಓಣಿ ಓಣಿಯ ಮಗ್ಗ ಒಂದ ಏಟಿಗೆ ನಿಂತು,
ಯಾರದೋ ಮನಿ ಒಗ್ಗರಣಿ ಚಟಪಟ ಕೇಳಸ್ತು.
ಮುರಿಗೆಪ್ಪ ನನ್ನ ಕೈ ನೋಡಿ ಸಮ ಹಿಡಿಯಾಂವ,
ಈಗ ಕೈ ಎಲ್ಲೈತಿ? ನಿಲ್ಲಸ್ತಾನ ಅಂದ್ಕೊಂಡೆ.
ನಿಲ್ಲಸ್ಲಿಲ್ಲ.
ಎಂಟು ಮಾತ್ರೆ ಬಂದು, ಕರಡಿ ತಡೀತು.
ದಸ್ತಗೀರನ ಉಸುರು ಮ್ಯಾಲಿನ ಸ್ವರದಾಗ ನಿಂತು
ನೂಲಿನಂಗ ಉದ್ದಾತು, ಉದ್ದಾತು,
ಝಣ್. ಆಗ ಮೂರೂ ಕೂಡಿ ಬಿದ್ವು.
ನಡುವ ಬ್ಯಾರೆ ಒಂದು ಪೆಟ್ಟು, ಅವಸರದ್ದು.
"ಮಾಸ್ತರ, ನೀವ್ಯಾಕ ಓಡಾಕತ್ತೀರಿ?" ಅಂದ ದಸ್ತಗೀರ.

ಯಾರೋ ಮೊಬೈಲ್ ಬ್ಯಾಟರಿ ಹಚ್ಚಿದ್ರು.
ಮುರಿಗೆಪ್ಪನ ಬರಿ ಅಂಗಾಲು
ಆಕಿ ಕುರ್ಚಿ ಗಾಲಿಗೆ ಹತ್ತಿತ್ತು.

ನನ್ನ ವಹಿಯೊಳಗ ಒಂದರಿಂದ ಎಂಟು ಬರದು
ಮುಂದ ಜಾಗಾ ಬಿಟ್ಟೀನಿ.
ಎಷ್ಟು ಅಂತ ಗೊತ್ತಿಲ್ಲ. ದಿನಾ ಒಂದ ನಮೂನಿ ಇರೂದಿಲ್ಲ,
ಥಂಡಿ ಇದ್ರ ಹೆಚ್ಚು, ಸಿಟ್ಟು ಬಂದಿದ್ರ ಕಡಿಮಿ.

ಮೊನ್ನೆ ತೇರದಾಳದಿಂದ ಮದವಿ ಮಂದಿ ಬಂದಿದ್ರು,
ವರಾತಿಗೆ ಮ್ಯಾಳ ಬೇಕು ಅಂತ.
ಹಿರಿಯ ಗಾಲಿಕುರ್ಚಿ ನೋಡಿ, ನನ್ನ ಕಡೆ ತಿರುಗಿ,
"ಇವರಿಗೆ ಏನರ ಊಟಾ ಗೀಟಾ..." ಅಂದ.
ರಾಚವ್ವ ಬಾಯಿ ತಗದ್ಳು.
ನಾವು ಕಾದ್ವಿ. ಅವರೂ ಕಾಯಬೇಕಾತು.
"ಎಂಟು... ಸಾವಿರ."
"ಆರು ಮಾಡ್ರವ್ವಾ" ಅಂದ.
ಆಕಿ ಮತ್ತ ಬಾಯಿ ತಗದ್ಳು.
ದಸ್ತಗೀರ ಸನಾದಿ ಒರಸ್ಕೋತ ಕುಂತ,
ಮುರಿಗೆಪ್ಪ ಹಿರಿಯನ ಮಾರಿ ನೋಡ್ಕೋತ,
ನಾ ಸುಮ್ನ ನಿಂತೆ.
ನಮಗೇನು ಅವಸರ?